‘ಫೋಲ್ಡರ್ ಹೋಯ್ತು’: ಥಂಡರ್‌ಬರ್ಡ್ ಸಹಾಯಪುಟಕ್ಕೆ ಕೆಲವು ಪದಗಳು ಬೇಕಾಗಿವೆ

ಬಳಗದ ಎಲ್ಲರಿಗೂ ನಮಸ್ಕಾರ,

ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಬಳಸುವವರಿಗಾಗಿ ಕನ್ನಡದಲ್ಲೊಂದು ಸಹಾಯಪುಟ ಸಿದ್ಧವಾಗುತ್ತಿದೆ. ಫೋಲ್ಡರುಗಳ ತೊಂದರೆಯ ಭಾಗದಲ್ಲಿ ಪದಗಳ ಆಯ್ಕೆ ಕಗ್ಗಂಟಾಗಿದೆ. ಬಳಸುವವರು ಹೇಳುವುದು ಒಂದೇ ಮಾತು: ‘ಫೋಲ್ಡರ್ ಹೋಯ್ತು’. ಅದರ ಹಿಂದಿರುವ ಕಾರಣಗಳು ಮಾತ್ರ ಬೇರೆ ಬೇರೆ. ಒಂದರ ಪರಿಹಾರವನ್ನು ಇನ್ನೊಂದಕ್ಕೆ ಮಾಡಿದರೆ ಉಳಿದಿದ್ದ ಮೇಲ್ ಕೂಡ ಕೈತಪ್ಪಬಹುದು. ಹಾಗಾಗಿ ಗುಂಡಿಯ ಹೆಸರು ಓದಿದೊಡನೆ ಅದು ಏನು ಮಾಡುತ್ತದೆಂದು ತಿಳಿಯಬೇಕು ಎಂಬುದು ನನ್ನ ನಿಲುವು.

ಸುಲಭದ್ದು ಮೊದಲು. ಫೋಲ್ಡರ್ ಇದ್ದಲ್ಲೇ ಇದೆ, ನೋಟ ಬದಲಾಗಿದೆ. ಎಡಗಡೆಯ ಫಲಕವೇ ಕಾಣದಿದ್ದರೆ ಆಲ್ಟ್ ಕೀಲಿ ಒತ್ತಿ ಮೆನು ಪಟ್ಟಿ ತರಿಸಿ, ವ್ಯೂ, ಲೇಔಟ್, ಫೋಲ್ಡರ್ ಪೇನ್ ಎಂಬಲ್ಲಿ ಗುರುತು ಹಾಕಬೇಕು. ಫಲಕ ಇದ್ದೂ ಕೆಲವೇ ಫೋಲ್ಡರ್ ಕಾಣುತ್ತಿದ್ದರೆ ವ್ಯೂ, ಫೋಲ್ಡರ್ಸ್ ಎಂಬಲ್ಲಿ ಆಲ್ ಫೋಲ್ಡರ್ಸ್ ಆರಿಸಬೇಕು. ‘ಅನ್‌ರೆಡ್’ ನೋಟದಲ್ಲಿದ್ದರೆ ಎಲ್ಲ ಓದಿ ಮುಗಿದ ಫೋಲ್ಡರ್ ಪಟ್ಟಿಗೇ ಬರುವುದಿಲ್ಲ. ‘ಯೂನಿಫೈಡ್’ ನೋಟದಲ್ಲಿ ಎಲ್ಲ ಖಾತೆಗಳ ಇನ್‌ಬಾಕ್ಸ್ ಒಂದೇ ಹೆಸರಿನಡಿ ಸೇರಿಕೊಳ್ಳುವುದರಿಂದ ಖಾತೆಯೇ ಮಾಯವಾದಂತೆ ತೋರುತ್ತದೆ. ಇದಕ್ಕೆ ‘ಅಡಗಿದೆ’ ಎಂದರೆ ಸಾಕು. ‘ಯೂನಿಫೈಡ್’ಗೆ ‘ಏಕೀಕೃತ’ ಎನ್ನುವುದಕ್ಕಿಂತ ‘ಒಟ್ಟುಗೂಡಿಸಿದ’ ಮೇಲೆನಿಸುತ್ತದೆ.

ಮುಂದಿನದು ‘ಸಬ್‌ಸ್ಕ್ರೈಬ್’. ಇದಕ್ಕೆ ‘ಚಂದಾದಾರರಾಗಿ’ ಎಂದು ಬರೆಯುವ ರೂಢಿಯನ್ನು ಇಲ್ಲಿ ಬಿಡಲೇಬೇಕು. ಚಂದಾ ಎಂದರೆ ಪತ್ರಿಕೆಗೆ ಕಟ್ಟುವ ಹಣ. ತಮ್ಮದೇ ಫೋಲ್ಡರ್ ನೋಡಲು ಚಂದಾ ಏಕೆ ಎಂದು ಜನ ಹಿಂಜರಿಯುತ್ತಾರೆ; ‘ಚಂದಾ ರದ್ದುಮಾಡಿ’ ಎಂದರಂತೂ ಮೇಲ್ ಅಳಿಸಿಹೋಗುತ್ತದೆಂಬ ಭಯ. ನಿಜವಾಗಿ ನಡೆಯುವುದಿಷ್ಟು: ಐಮ್ಯಾಪ್ (ಮೇಲನ್ನು ಸರ್ವರಿನಲ್ಲೇ ಇಟ್ಟು ಹಲವು ಸಾಧನಗಳಲ್ಲಿ ತೋರಿಸುವ ವಿಧಾನ) ಸರ್ವರ್ ಎರಡು ಪಟ್ಟಿ ಕೊಡಬಲ್ಲದು. ಒಂದು, ಇರುವ ಎಲ್ಲ ಫೋಲ್ಡರುಗಳದ್ದು. ಇನ್ನೊಂದು, ನಾವು ಗುರುತು ಹಾಕಿದವುಗಳದ್ದು ಮಾತ್ರ. ಥಂಡರ್‌ಬರ್ಡ್ ತಾನಾಗಿ ಎರಡನೆಯದನ್ನು ತೋರಿಸುತ್ತದೆ. ಫೋನಿನಲ್ಲೋ ವೆಬ್ಬಿನಲ್ಲೋ ಮಾಡಿದ ಫೋಲ್ಡರ್ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಬಹುಮಟ್ಟಿಗೆ ಇದೇ ಕಾರಣ. ಖಾತೆಯ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಸಬ್‌ಸ್ಕ್ರೈಬ್ ತೆರೆದು, ರಿಫ್ರೆಶ್ ಮಾಡಿ, ಬೇಕಾದುದಕ್ಕೆ ಗುರುತು ಹಾಕಬೇಕು. ಯಾವಾಗಲೂ ಎಲ್ಲವೂ ಕಾಣಬೇಕೆಂದರೆ ಅಕೌಂಟ್ ಸೆಟ್ಟಿಂಗ್ಸ್, ಸರ್ವರ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್ ಎಂಬಲ್ಲಿ ‘ಶೋ ಓನ್ಲಿ ಸಬ್‌ಸ್ಕ್ರೈಬ್ಡ್ ಫೋಲ್ಡರ್ಸ್’ ಗುರುತು ತೆಗೆಯಬೇಕು. ಜಿಮೇಲ್ ಆದರೆ ವೆಬ್ ಪುಟದ ಸೆಟ್ಟಿಂಗ್ಸ್‌ನಲ್ಲಿ ಲೇಬಲ್ಸ್ (ಜಿಮೇಲಿನಲ್ಲಿ ಫೋಲ್ಡರಿನ ಬದಲಿಗಿರುವವು) ಭಾಗಕ್ಕೆ ಹೋಗಿ, ಆ ಲೇಬಲ್ಲಿನ ಮುಂದೆ ‘ಶೋ ಇನ್ ಐಮ್ಯಾಪ್’ ಇದೆಯೇ ಎಂದೂ ನೋಡಬೇಕು. ಸಬ್‌ಸ್ಕ್ರೈಬ್ ಪಟ್ಟಿಯಲ್ಲಿ ಒಂದು ಫೋಲ್ಡರಿನ ಗುರುತು ತೆಗೆದರೂ ಸರ್ವರಿನಲ್ಲಿರುವ ಮೇಲ್‌ಗೆ ಏನೂ ಆಗುವುದಿಲ್ಲ. ಹಾಗಾಗಿ ‘ಪಟ್ಟಿಗೆ ಸೇರಿಸಿ’, ‘ಪಟ್ಟಿಯಿಂದ ಬಿಡಿ’ ಎಂದು ಬರೆಯೋಣವೇ?

ಹೆಚ್ಚು ಚರ್ಚೆ ಬೇಕಿರುವುದು ‘ರಿಪೇರ್ ಫೋಲ್ಡರ್’ಗೆ. ‘ದುರಸ್ತಿ’ ಎಂದರೆ ಕೆಟ್ಟ ಮೇಲನ್ನೇ ಸರಿಮಾಡುತ್ತದೆಂಬ ಭಾವನೆ ಬರುತ್ತದೆ. ಅದು ಹಾಗಲ್ಲ. ಸಾಮಾನ್ಯ ಎಂಬಾಕ್ಸ್ ಮಾದರಿಯಲ್ಲಿ ಒಂದು ಫೋಲ್ಡರಿನ ಮೇಲ್‌ಗಳೆಲ್ಲ ಡಿಸ್ಕಿನಲ್ಲಿ ಒಂದೇ ಫೈಲಿನಲ್ಲಿ, ಒಂದರ ಹಿಂದೊಂದು ಕೂತಿರುತ್ತವೆ. (ಹಲವು ಹಾಳೆ ಸೇರಿಸಿ ಕಟ್ಟಿದ್ದಕ್ಕೆ ನಮ್ಮ ಸರ್ಕಾರಿ ಕಚೇರಿಗಳು ‘ಕಡತ’ ಎನ್ನುತ್ತವಲ್ಲ, ಆ ಅರ್ಥ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಆದರೂ ಪುಟದಲ್ಲಿ ‘ಫೋಲ್ಡರ್’ ಎಂದೇ ಉಳಿಸಿದ್ದೇನೆ.) ಅದೇ ಹೆಸರಿನ ಪಕ್ಕದಲ್ಲಿ ಡಾಟ್ ಎಂಎಸ್‌ಎಫ್ ಎಂದು ಕೊನೆಯಾಗುವ ಇನ್ನೊಂದು ಫೈಲ್ ಇರುತ್ತದೆ. ಅದು ಪುಸ್ತಕದ ಪರಿವಿಡಿ ಇದ್ದಂತೆ. ಅದು ಕೆಟ್ಟರೆ ಫೋಲ್ಡರ್ ಖಾಲಿ ಕಾಣುತ್ತದೆ, ಎಣಿಕೆ ತಪ್ಪುತ್ತದೆ, ಒಂದು ಮೇಲ್ ಒತ್ತಿದರೆ ಇನ್ನೊಂದು ತೆರೆಯುತ್ತದೆ. ಹಾಳೆಗಳು ಮಾತ್ರ ಹಾಗೇ ಇರುತ್ತವೆ. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಒತ್ತಿದಾಗ ಈ ಪರಿವಿಡಿ ಹೊಸದಾಗಿ ತಯಾರಾಗುತ್ತದೆ. ಪಾಪ್ ಖಾತೆಯಾದರೆ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ) ಪಕ್ಕದ ದೊಡ್ಡ ಫೈಲನ್ನು ಓದಿ, ಐಮ್ಯಾಪ್ ಆದರೆ ಸರ್ವರಿನಿಂದ ಮತ್ತೆ ತರಿಸಿಕೊಂಡು. ಸರ್ವರಿನಲ್ಲೇ ಇಲ್ಲದ್ದು ಹಿಂದಿರುಗದು. ಆ ಫೋಲ್ಡರಿಗೆಂದು ಹೊಂದಿಸಿದ್ದ ಕಾಲಂಗಳು, ವಿಂಗಡಣೆಯ ಕ್ರಮ ಅಳಿಸಿ ಮೂಲ ಸ್ಥಿತಿಗೆ ಮರಳಬಹುದು, ಏಕೆಂದರೆ ಅವೂ ಆ ಎಂಎಸ್‌ಎಫ್ ಫೈಲಿನಲ್ಲೇ ಇದ್ದವು. ಆದ್ದರಿಂದ ನನ್ನ ಸಲಹೆ ‘ಪರಿವಿಡಿ ಮತ್ತೆ ಕಟ್ಟಿ’. ‘ಸೂಚಿ’, ‘ಅನುಕ್ರಮಣಿಕೆ’ ಎಂದೂ ಹೇಳಬಹುದು, ಆದರೆ ಶಾಲೆಯಲ್ಲಿ ಪಠ್ಯಪುಸ್ತಕ ತೆರೆದವರಿಗೆಲ್ಲ ‘ಪರಿವಿಡಿ’ ಗೊತ್ತು.

ಗುಂಡಿಯಿಂದ ಆಗದಿದ್ದರೆ ಥಂಡರ್‌ಬರ್ಡ್ ಪೂರ್ತಿ ಮುಚ್ಚಿ, ಪ್ರೊಫೈಲ್ ಫೋಲ್ಡರಿನ (ಮೇಲ್, ಸೆಟ್ಟಿಂಗ್ಸ್ ಎಲ್ಲ ಇರುವ ಜಾಗ) ನಕಲು ತೆಗೆದಿಟ್ಟು, ಎಂಎಸ್‌ಎಫ್ ಫೈಲನ್ನು ಕೈಯಾರೆ ಅಳಿಸಿ ಮತ್ತೆ ತೆರೆಯಬೇಕು. ಅದರ ಪಕ್ಕದಲ್ಲಿ ಅದೇ ಹೆಸರಿನ, ಬಾಲವಿಲ್ಲದ ಫೈಲಿದೆಯಲ್ಲ, ಅದನ್ನು ಮುಟ್ಟಲೇಬಾರದು. ಮೇಲ್ ಇರುವುದು ಅದರಲ್ಲಿ. ಡಾಟ್ ಎಸ್‌ಬಿಡಿ ಎಂದು ಕೊನೆಯಾಗುವುದರಲ್ಲಿ ಒಳಫೋಲ್ಡರುಗಳಿರುತ್ತವೆ, ಅದನ್ನೂ ಅಳಿಸುವಂತಿಲ್ಲ.

‘ಕಾಂಪ್ಯಾಕ್ಟ್’ಗೆ ‘ಸಂಕುಚಿಸು’ ಎಂಬುದು ದಾರಿ ತಪ್ಪಿಸುವ ಪದ. ಜಿಪ್ ಮಾಡಿದ ಫೈಲಿಗೂ ‘ಸಂಕುಚಿತ’ ಎನ್ನುತ್ತೇವೆ. ಇಲ್ಲಿ ಯಾವುದನ್ನೂ ಅದುಮುವುದಿಲ್ಲ. ಅಳಿಸಿದ ಮೇಲ್‌ಗೆ ಥಂಡರ್‌ಬರ್ಡ್ ಬರೀ ಗುರುತು ಹಾಕಿರುತ್ತದೆ; ಕಾಂಪ್ಯಾಕ್ಟ್ ಮಾಡಿದಾಗ ಅವನ್ನು ಬಿಟ್ಟು ಉಳಿದವನ್ನು ಹೊಸ ಫೈಲಿಗೆ ಬರೆದು ಹಳೆಯದನ್ನು ತೆಗೆಯುತ್ತದೆ. ಅಷ್ಟು ಹೊತ್ತು ಫೋಲ್ಡರಿನಷ್ಟೇ ಖಾಲಿ ಜಾಗ ಡಿಸ್ಕಿನಲ್ಲಿ ಬೇಕು. ನಡುವೆ ನಿಂತರೆ ‘ಎನ್‌ಎಸ್‌ಟಿಎಂಪಿ’ ಎಂಬ ಅಪರಿಚಿತ ಫೋಲ್ಡರ್ ಫಲಕದಲ್ಲಿ ಕಾಣಿಸಿಕೊಳ್ಳುವುದುಂಟು. ಕಾಣೆಯಾದ ಮೇಲ್ ಸಿಗುವವರೆಗೆ ಕಾಂಪ್ಯಾಕ್ಟ್ ಮಾಡಲೇಬಾರದು. ‘ಅಳಿಸಿದ್ದನ್ನು ತೆರವು ಮಾಡಿ’ ಎಂದು ಬರೆದರೆ ಆ ಎಚ್ಚರಿಕೆ ಪದದಲ್ಲೇ ಸೇರುತ್ತದೆ.

ಕನ್ನಡಿಗರಿಗೆ ವಿಶೇಷವಾಗಿ ತಿಳಿದಿರಬೇಕಾದ ಇನ್ನೊಂದು ವಿಷಯ. ಕನ್ನಡದಲ್ಲಿ ಹೆಸರಿಟ್ಟ ಐಮ್ಯಾಪ್ ಫೋಲ್ಡರ್ ಕೆಲವು ಹಳೆಯ ತಂತ್ರಾಂಶಗಳಲ್ಲಿ & ಚಿಹ್ನೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಅದು ವೈರಸ್ಸೂ ಅಲ್ಲ, ಹಾಳಾದ ಫೋಲ್ಡರೂ ಅಲ್ಲ. 2003ರ ಐಮ್ಯಾಪ್ ನಿಯಮದಲ್ಲಿ ಫೋಲ್ಡರಿನ ಹೆಸರನ್ನು ಯುಟಿಎಫ್-7ರ (ಬೇರೆ ಲಿಪಿಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವ ಸಂಕೇತ ಪದ್ಧತಿ) ಮಾರ್ಪಡಿಸಿದ ರೂಪದಲ್ಲಿ ಕಳಿಸಬೇಕು. ಕನ್ನಡದ ಎಲ್ಲ ಅಕ್ಷರಗಳ ಯೂನಿಕೋಡ್ ಸಂಖ್ಯೆಯ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಗುರುತಿನ ಸಂಖ್ಯೆ) ಮೊದಲ ಅರ್ಧ ಒಂದೇ ಆದ್ದರಿಂದ, ಹೆಸರು ಕನ್ನಡ ಅಕ್ಷರದಿಂದ ಆರಂಭವಾದರೆ & ನಂತರದ ಮೊದಲ ಅಕ್ಷರ ಯಾವಾಗಲೂ ‘ಡಿ’, ಎರಡನೆಯದು ‘ಐ’ಯಿಂದ ‘ಪಿ’ವರೆಗಿನ ಒಂದು. ಇದನ್ನು ನೋಡಿದೊಡನೆ ಕನ್ನಡದ ಹೆಸರೆಂದು ಗುರುತಿಸಬಹುದು. ಬಳಸುವವರು ಗಾಬರಿಯಾಗಿ ಮರುಹೆಸರಿಸಿದರೆ ಸರ್ವರಿನಲ್ಲೂ ಹೆಸರು ಬದಲಾಗಿಬಿಡುತ್ತದೆ. ಈ ಸ್ಥಿತಿಗೆ ನನ್ನಲ್ಲಿ ಪದವಿಲ್ಲ. ‘ಕೆಟ್ಟ ಹೆಸರು’ ಎನ್ನುವಂತಿಲ್ಲ, ಹೆಸರು ಕೆಟ್ಟಿಲ್ಲ. ‘ಬಿಡಿಸದ ಹೆಸರು’ ಎಂದರೆ ಅರ್ಥವಾಗುತ್ತದೆಯೇ? ಗ್ರಂಥಾಲಯ, ಮುದ್ರಣಾಲಯಗಳಲ್ಲಿ ದುಡಿದವರು ‘ಪರಿವಿಡಿ’ಯನ್ನು ಮೇಲೆ ಹೇಳಿದ ಎಂಎಸ್‌ಎಫ್ ಫೈಲಿನ ಅರ್ಥದಲ್ಲಿ ಬಳಸಲು ಒಪ್ಪುವಿರಾ ಎಂಬುದನ್ನೂ ದಯವಿಟ್ಟು ಬರೆಯಿರಿ.