ರಾತ್ರಿ ಕಯೋಟಿ ಕರೆಯುವಾಗ ಯಾವ ಲೈಟ್? ಬಳಸಿದವರು ಹೇಳಿ

ಪ್ರಶ್ನೆ, ಟೆಕ್ಸಸ್‌ನ ಆಸ್ಟಿನ್‌ನಿಂದ:
ಕೆರ್ವಿಲ್ ಹತ್ತಿರ ಸ್ನೇಹಿತರೊಬ್ಬರ ಮೇಕೆ ರ‍್ಯಾಂಚ್ ಇದೆ. ಈಗ ಮೇಕೆಗಳು ಮರಿ ಹಾಕುವ ಕಾಲ, ಕಯೋಟಿ (ತೋಳದಂಥ, ಅದಕ್ಕಿಂತ ಚಿಕ್ಕ ಕಾಡುಪ್ರಾಣಿ) ಕಾಟ ಜಾಸ್ತಿಯಾಗಿದೆ. ಮೊಲ ಚೀರುವ ಸದ್ದನ್ನು ಸ್ಪೀಕರ್‌ನಲ್ಲಿ ಹಾಕಿ, ಕರೆದು ಹೊಡೆಯೋಣ ಬಾ ಅಂದಿದ್ದಾರೆ. ಲೈಟ್ ನಾನೇ ತರಬೇಕಂತೆ. ಕೆಂಪು ತಗೊಳ್ಳಲಾ, ಹಸಿರಾ? ಬಿಳಿಯೇ ಸಾಕಾ?

ಸ್ಯಾನ್ ಆಂಜೆಲೊದಿಂದ:
ಬಣ್ಣಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ ಸರ್. ನಾಯಿ ಜಾತಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಗೊತ್ತಾಗುತ್ತವೆ, ಕೆಂಪು ಮಂಕು. ಕಯೋಟಿಯೂ ಅದೇ ಕುಲ. ಹಾಗಾಗಿ ಕೆಂಪು ಬೆಳಕಿಗೆ ಬೆದರುವುದು ಕಡಿಮೆ. ಆದರೆ ರಾತ್ರಿ ಹೊತ್ತು ಕೆಂಪು ನಮಗೂ ಮಂಕೇ ಅಲ್ವಾ? ಅಷ್ಟೇ ಪವರ್‌ನ ಹಸಿರು ಲೈಟ್‌ನಲ್ಲಿ ಇನ್ನೂ ದೂರ ಕಾಣುತ್ತದೆ. ಕೆರ್ವಿಲ್ ಕಡೆ ಸೀಡರ್ ಪೊದೆ ದಟ್ಟ, ಪ್ರಾಣಿ ಕಾಣುವುದೇ ಹತ್ತಿರ ಬಂದ ಮೇಲೆ. ಅಲ್ಲಿಗೆ ಕೆಂಪು ಸಾಕು. ಬಯಲಾಗಿದ್ದರೆ ಹಸಿರು ಅನ್ನುತ್ತಿದ್ದೆ.

ಇರೋದೆಲ್ಲ ಹಿಡಿಯುವ ರೀತಿಯಲ್ಲಿ. ಲೈಟನ್ನು ಸ್ವಲ್ಪ ಮೇಲೆತ್ತಿ ಹಿಡಿಯಿರಿ. ನಡುವಿನ ಪ್ರಖರ ಬೆಳಕು ಮರದ ತುದಿಯಲ್ಲಿ ಹೋಗಲಿ, ಅಂಚಿನ ಮಸುಕು ಬೆಳಕು ಮಾತ್ರ ನೆಲ ಸವರಲಿ. ಕಯೋಟಿ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಪದರ ಇರುವುದರಿಂದ ಅಷ್ಟಕ್ಕೇ ಕಣ್ಣು ಹೊಳೆಯುತ್ತದೆ. ಕರೆ ಶುರು ಮಾಡುವ ಮೊದಲೇ ಲೈಟ್ ಹಾಕಿ, ಎದ್ದು ಹೊರಡುವ ತನಕ ಆರಿಸಬೇಡಿ. ಕತ್ತಲಲ್ಲಿ ಬರುತ್ತಿರುವುದಕ್ಕೆ ಫಕ್ಕನೆ ಬೆಳಕು ಬಿದ್ದರೆ ಮುಗೀತು, ಬಾಲ ತಿರುಗಿಸುತ್ತದೆ. ಕಣ್ಣು ಕಂಡ ಮೇಲೆ ಕೈ ಅಲುಗಿಸಬೇಡಿ. ಲೈಟ್ ಅಲುಗಿದರೆ ಪೊದೆಗಳ ನೆರಳೆಲ್ಲ ಓಡಾಡುತ್ತದೆ. ಕಯೋಟಿ ನಿಂತು ನೋಡುವುದು ಅದನ್ನೇ.

ಸ್ಪೀಕರ್ ನಿಮ್ಮಿಂದ 50-60 ಗಜ ದೂರ ಇರಲಿ. ಹುಷಾರಾದ ಕಯೋಟಿ ನೆಟ್ಟಗೆ ಸದ್ದಿನ ಕಡೆ ಬರುವುದಿಲ್ಲ. ಸುತ್ತು ಹಾಕಿ, ವಾಸನೆ ಸಿಗುವ ಕಡೆಯಿಂದ ಮೂಸಿಕೊಂಡು ಬರುತ್ತದೆ. ಗಾಳಿ ಹೋಗುವ ದಿಕ್ಕಿಗೆ ಜಾಸ್ತಿ ಹೊತ್ತು ಲೈಟ್ ತಿರುಗಿಸಿ.

ಡಾಲಸ್‌ನಿಂದ:
ಲೈಟ್‌ಗಿಂತ ಮೊದಲು ಕಾಗದಪತ್ರ. ಟೆಕ್ಸಸ್‌ನಲ್ಲಿ ಕಯೋಟಿಯನ್ನು ಜಮೀನಿನ ಒಡೆಯರ ಒಪ್ಪಿಗೆ ಇದ್ದರೆ ಖಾಸಗಿ ಜಾಗದಲ್ಲಿ ರಾತ್ರಿಯೂ ಹೊಡೆಯಬಹುದು, ಲೈಟನ್ನೂ ಹಾಕಬಹುದು. ಜಿಂಕೆಗೆ ಲೈಟ್ ಹಾಕಿ ಹೊಡೆದರೆ ಅಪರಾಧ. ರಸ್ತೆಯಲ್ಲಿ ಹೋಗುವವರಿಗೆ ನಿಮ್ಮ ಬೆಳಕು ಯಾವುದಕ್ಕೆ ಅಂತ ಹೇಗೆ ಗೊತ್ತಾಗಬೇಕು? ಆ ಕೌಂಟಿಯ ಗೇಮ್ ವಾರ್ಡನ್‌ಗೆ (ಬೇಟೆ ಕಾನೂನು ನೋಡಿಕೊಳ್ಳುವ ಅಧಿಕಾರಿ) ಮೊದಲೇ ಒಂದು ಫೋನ್ ಮಾಡಿಬಿಡಿ.

ಮೇಕೆ ಹಿಡಿಯುತ್ತಿರುವ ಕಯೋಟಿಗೆ ಲೈಸೆನ್ಸ್ ಬೇಡ ಅಂತ ರ‍್ಯಾಂಚ್‌ನವರು ಹೇಳಬಹುದು. ರಾಜ್ಯದ ಮಟ್ಟಿಗೆ ಅದು ನಿಜ. ನೀವು ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದರೆ ಮಾತ್ರ ಅದನ್ನು ನಂಬಿ ಹೊರಡಬೇಡಿ. ಫೆಡರಲ್ ಕಾನೂನಿನ ಪ್ರಕಾರ ಅಂಥ ವೀಸಾದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕೈಯಲ್ಲಿ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಸುಮ್ನೆ ಲೈಸೆನ್ಸ್ ಮಾಡಿಸಿ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸನ್ನೂ ಮುಗಿಸಬೇಕು. (ಊರಿಗೆ ಹೋದಾಗ ಈ ವಿದ್ಯೆ ತೋರಿಸಬೇಡಿ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಇದೆ.)

ಲಬ್ಬಕ್‌ನಿಂದ:
ಎರಡು ಲೈಟ್ ಬೇಕು. ಹುಡುಕುವುದು ತಲೆಗೆ ಕಟ್ಟಿದ ಲೈಟ್‌ನಲ್ಲಿ, ಕೋವಿ ಮೇಲಿನದು ಗುರಿ ಇಡುವಾಗ ಮಾತ್ರ. ಕೋವಿ ಲೈಟ್‌ನಲ್ಲೇ ಹುಡುಕುತ್ತಾ ಹೋದರೆ ಕಂಡದ್ದಕ್ಕೆಲ್ಲ ಕೋವಿ ಹಿಡಿದ ಹಾಗೆ ಆಗುತ್ತದೆ. ಅಂಥವರ ಜೊತೆ ನಾನು ಹೋಗುವುದಿಲ್ಲ.

ಕೋವಿ ಲೈಟನ್ನು ಸ್ಕೋಪ್ (ಗುರಿ ನೋಡುವ ದುರ್ಬೀನು) ಮೇಲೆ ಕೂರಿಸಿ. ಕೆಳಗೆ ಕೂರಿಸಿದರೆ ನಳಿಗೆಯೇ ಹೊಳೆದು ಸ್ಕೋಪ್ ತುಂಬ ಬೆಳ್ಳಗೆ ಕಾಣುತ್ತದೆ. ಮಂಜು, ಧೂಳು ಇದ್ದರೆ ಇನ್ನೂ ಜಾಸ್ತಿ. ಬೆಳಕು ಹೆಚ್ಚುಕಮ್ಮಿ ಮಾಡುವ ತಿರುಪು ಇರುವ ಲೈಟೇ ತಗೊಳ್ಳಿ. ಥರ್ಮಲ್ (ಮೈಬಿಸಿಯಿಂದ ಪ್ರಾಣಿಯನ್ನು ತೋರಿಸುವ ದುರ್ಬೀನು) ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ. ಹುಡುಕುವುದಕ್ಕೆ ಅದನ್ನು ಮೀರಿಸಿದ್ದಿಲ್ಲ, ಒಪ್ಪಿದೆ. ಆದರೆ ಒಳ್ಳೆಯದಕ್ಕೆ ಸಾವಿರಾರು ಡಾಲರ್ ಆಗುತ್ತದೆ. ದೂರದಲ್ಲಿ ಕಾಣುವ ಬಿಸಿ ಚುಕ್ಕೆ ಕಯೋಟಿಯೋ ಕರುವೋ ಅಂತ ಹೇಳುವುದೂ ಕಷ್ಟ.

ಬ್ಯಾಂಡೆರಾ ಕಡೆಯಿಂದ, ಮೇಕೆ ಸಾಕುವವರು:
ಕರುವಲ್ಲ, ನಾಯಿ ಬಗ್ಗೆ ಯೋಚನೆ ಮಾಡಿ. ಇಲ್ಲಿ ಮೇಕೆ ಮಂದೆ ಜೊತೆ ಗ್ರೇಟ್ ಪಿರನೀಸ್ ಅನ್ನುವ ಕಾವಲು ನಾಯಿ ಬಿಟ್ಟಿರುತ್ತಾರೆ. ಮೊಲದ ಚೀರಾಟ ಕೇಳಿದರೆ ಅವೂ ಬರುತ್ತವೆ, ಕಣ್ಣೂ ಹೊಳೆಯುತ್ತದೆ. ಪಕ್ಕದ ಜಾಗಕ್ಕೆ ಬಂದಿದ್ದ ಒಬ್ಬ ಅತಿಥಿ ಬರೀ ಕಣ್ಣು ನೋಡಿ ನಮ್ಮ ನಾಯಿಯನ್ನು ಹೊಡೆದ. ಬೆಳಗ್ಗೆ ನೋಡಿದರೆ ಅದು ಬೇಲಿಯ ಈಚೆಗೇ, ಮೇಕೆಗಳ ಪಕ್ಕದಲ್ಲೇ ಬಿದ್ದಿತ್ತು.

ಕಣ್ಣಿನ ಬಣ್ಣ ನೋಡಿ ಪ್ರಾಣಿ ಹೇಳುತ್ತೇನೆ ಅನ್ನುವವರ ಮಾತು ಬಿಡಿ. ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ನಡೆ ಸ್ವಲ್ಪ ಸುಳಿವು ಕೊಡುತ್ತದೆ. ಜಿಂಕೆ ಒಂದೇ ಕಡೆ ನಿಂತು ದಿಟ್ಟಿಸುತ್ತದೆ. ಕಯೋಟಿಯ ಕಣ್ಣು ಕುಪ್ಪಳಿಸುತ್ತಾ ಬರುತ್ತದೆ, ಮಾಯವಾಗುತ್ತದೆ, ಇನ್ನೊಂದು ಕಡೆ ಕಾಣುತ್ತದೆ. ಅದೂ ಸುಳಿವು ಮಾತ್ರ. ಕಿವಿ, ಮೂತಿ, ಬಾಲ ಕಾಣುವವರೆಗೆ ಟ್ರಿಗರ್ ಮೇಲೆ ಬೆರಳು ಬೇಡ. ಗುರುತು ಹಿಡಿಯಲು ಬಿಳಿ ಬೆಳಕೇ ಬೇಕಾದರೆ ಹಾಕಿ. ಓಡಿದರೆ ಓಡಲಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನಾನು ಎಚ್-1ಬಿಯೇ, ಲೈಸೆನ್ಸ್ ವಿಷಯ ಗೊತ್ತೇ ಇರಲಿಲ್ಲ. ಅಲ್ಲಿ ಕಾವಲು ನಾಯಿಗಳೂ ಇವೆ, ಆ ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಲು ಹೇಳುತ್ತೇನೆ. ಲೈಟ್ ಒಂದು ಸಲ ಚಾರ್ಜ್ ಮಾಡಿದರೆ ರಾತ್ರಿಯೆಲ್ಲ ಬರುತ್ತದಾ?

ಲಬ್ಬಕ್‌ನಿಂದ:
ಬರುವುದಿಲ್ಲ. ಚಳಿಗೆ ಇನ್ನೂ ಬೇಗ ಇಳಿಯುತ್ತದೆ. 18650 ಸೆಲ್ (ಲೈಟ್‌ಗೆ ಹಾಕುವ ಚಾರ್ಜ್ ಆಗುವ ಬ್ಯಾಟರಿ) ಇನ್ನೊಂದು ಜೊತೆ ತಗೊಳ್ಳಿ, ಬ್ಯಾಗಲ್ಲಿ ಅಲ್ಲ, ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಪಕ್ಕದ ರ‍್ಯಾಂಚ್‌ನ ನಾಯಿಗಳನ್ನು ಯಾರು ಕಟ್ಟುತ್ತಾರೆ, ಅದನ್ನೂ ಕೇಳಿಕೊಳ್ಳಿ.