ನೆಲ್ಲಿನ ಗೋದಾಮಿಗೆ ಓಪನ್ ಸೋರ್ಸ್ ಹಾರ್ಡ್‌ವೇರ್: ‘ಮುಕ್ತ’ ಎಂಬುದರಿಂದ ನನಗೆ ಸಿಗುವುದೇನು?

ಪ್ರಶ್ನೆ: ಸಿಂಧನೂರು ಗೋದಾಮು

ಮಾನ್ಯರೇ,

ಸಿಂಧನೂರಿನಲ್ಲಿ ನಮ್ಮದೊಂದು ನೆಲ್ಲಿನ ಗೋದಾಮು ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸೋನಾ ಮಸೂರಿಯನ್ನು ಸುಗ್ಗಿಯಲ್ಲಿ ಕೊಂಡು, ಚೀಲಗಳ ಅಟ್ಟಿ ಹಚ್ಚಿಟ್ಟು, ದರ ಏರಿದಾಗ ಗಂಗಾವತಿ, ಮಾನ್ವಿ ಕಡೆಯ ಮಿಲ್ಲುಗಳಿಗೆ ಮಾರುವುದು ತಂದೆಯವರ ಕಾಲದಿಂದ ನಡೆದುಬಂದ ವ್ಯಾಪಾರ. ನೆಲ್ಲಿನ ತೇವಾಂಶ ಶೇ 14ರ ಒಳಗಿದ್ದರೆ ತಿಂಗಳುಗಟ್ಟಲೆ ಇಟ್ಟರೂ ಚಿಂತೆಯಿಲ್ಲ. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷ ಎಷ್ಟೇ ನೋಡಿ ತೆಗೆದುಕೊಂಡರೂ ಹಸಿ ಚೀಲಗಳು ನಡುವೆ ನುಸುಳುತ್ತವೆ. ಅವು ಅಟ್ಟಿಯ ಒಡಲಲ್ಲಿ ಕಾವು ಏರಿ, ಮುಗ್ಗು ಹಿಡಿದು, ಅಕ್ಕಿ ಹಳದಿಗೆ ತಿರುಗಿದ ಮೇಲೆಯೇ ನಮಗೆ ತಿಳಿಯುತ್ತದೆ. ತಂದೆಯವರು ಉದ್ದನೆಯ ಕಬ್ಬಿಣದ ಸಲಾಕೆಯನ್ನು ಅಟ್ಟಿಯೊಳಗೆ ತೂರಿಸಿ, ಸ್ವಲ್ಪ ಹೊತ್ತಿನ ಮೇಲೆ ಹೊರಗೆಳೆದು ಅಂಗೈಯಿಂದ ಮುಟ್ಟಿ ನೋಡುತ್ತಿದ್ದರು. ಆ ಅಂಗೈಯ ಅಂದಾಜು ನನಗೆ ಬರಲಿಲ್ಲ.

ಆದ್ದರಿಂದ ಮೂರು ವರ್ಷಗಳ ಹಿಂದೆ ಒಂದು ಕಂಪನಿಯಿಂದ ಎಂಟು ತಾಪಮಾನ ಸಂವೇದಕಗಳಿರುವ ಸಿದ್ಧ ಸಾಧನವನ್ನು ಕೊಂಡೆ. ಅಂಕಿಗಳು ಫೋನಿನ ಆ್ಯಪ್‌ನಲ್ಲಿ ಬರುತ್ತಿದ್ದವು, ಕೆಲಸವೂ ಚೆನ್ನಾಗಿಯೇ ನಡೆದಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಆ್ಯಪ್ ತೆರೆಯುವುದು ನಿಂತಿತು. ವಿಚಾರಿಸಿದರೆ ಕಂಪನಿಯವರು ಆ ಸೇವೆಯನ್ನೇ ಮುಚ್ಚಿದ್ದರು. ಪೆಟ್ಟಿಗೆಯ ಹಸಿರು ದೀಪ ಈಗಲೂ ಉರಿಯುತ್ತದೆ, ಒಳಗೆ ಅದು ಅಳೆಯುತ್ತಲೂ ಇರಬಹುದು; ಅಂಕಿಗಳನ್ನು ನೋಡುವ ದಾರಿ ಮಾತ್ರ ನನಗಿಲ್ಲ. ಮುಚ್ಚಳ ಬಿಚ್ಚಿ ನೋಡಿದರೆ ಚಿಪ್‌ಗಳ ಮೇಲಿನ ಹೆಸರುಗಳನ್ನೂ ಕೆರೆದು ಅಳಿಸಿದ್ದಾರೆ.

ಕೊಪ್ಪಳದಲ್ಲಿ ಡಿಪ್ಲೊಮಾ ಓದುತ್ತಿರುವ ನಮ್ಮ ಅಕ್ಕನ ಮಗ, ಆರ್ಡ್ವಿನೊ ಎಂಬ, ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಬೋರ್ಡು ತಂದರೆ ಇದನ್ನು ತಾನೇ ಕಟ್ಟಿಕೊಡುವುದಾಗಿಯೂ ಅದು ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟ ಓಪನ್ ಸೋರ್ಸ್ ಹಾರ್ಡ್‌ವೇರ್ ಆದ್ದರಿಂದ ಹೀಗೆ ಕೈಕೊಡುವುದಿಲ್ಲವೆಂದೂ ಹೇಳುತ್ತಾನೆ. ನನ್ನ ಸಂದೇಹ ಇಷ್ಟೆ. ನಾನು ಸರ್ಕ್ಯೂಟ್ ನಕ್ಷೆ ಓದಬಲ್ಲವನಲ್ಲ. ನಕ್ಷೆ ಮುಕ್ತವಾಗಿದ್ದರೆ ನನ್ನಂಥವನಿಗೆ ಆಗುವ ಪ್ರಯೋಜನವೇನು? ನಾಳೆ ಹುಡುಗ ಬೆಂಗಳೂರಿಗೆ ನೌಕರಿಗೆಂದು ಹೋದರೆ, ಅವನು ಕಟ್ಟಿದ ಪೆಟ್ಟಿಗೆಯ ಮುಂದೆ ನಾನು ಮತ್ತೆ ಇದೇ ರೀತಿ ನಿಲ್ಲಬೇಕಾಗುವುದಿಲ್ಲವೇ?

ಉತ್ತರ: ಬಳ್ಳಾರಿ ಬೆಸುಗೆ

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಯಂತ್ರಗಳ ಮೋಟಾರು ಮತ್ತು ಕಂಟ್ರೋಲ್ ಬೋರ್ಡುಗಳನ್ನು ದುರಸ್ತಿ ಮಾಡುವವನು. ಚಿಪ್‌ನ ಹೆಸರು ಕೆರೆದ ಬೋರ್ಡುಗಳು ವಾರಕ್ಕೊಂದಾದರೂ ನನ್ನ ಮೇಜಿಗೆ ಬರುತ್ತವೆ. ಆದ್ದರಿಂದ ನಿಮ್ಮ ಮೊದಲ ಸಂದೇಹಕ್ಕೆ ನನ್ನ ಕಸುಬಿನ ಕಡೆಯಿಂದ ಉತ್ತರಿಸುತ್ತೇನೆ: ನಕ್ಷೆಯನ್ನು ನೀವು ಓದಬೇಕಾಗಿಲ್ಲ, ನಿಮ್ಮ ಊರಿನ ರಿಪೇರಿಯವನು ಓದಬಲ್ಲವನಾಗಿದ್ದರೆ ಸಾಕು. ನಕ್ಷೆಯಿಲ್ಲದ ಬೋರ್ಡಿನಲ್ಲಿ ನಾನು ಅರ್ಧ ದಿನ ಮೀಟರ್ ಹಿಡಿದು ಹುಡುಕುವ ದೋಷವನ್ನು ನಕ್ಷೆಯಿದ್ದರೆ ಹತ್ತು ನಿಮಿಷದಲ್ಲಿ ಹಿಡಿಯುತ್ತೇನೆ, ಕೂಲಿಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಆದರೆ ‘ಓಪನ್’ ಎಂಬ ಮಾತನ್ನು ಅಂಗಡಿಯವರು ಬೇಕಾದಂತೆ ಬಳಸುತ್ತಾರೆ. ಓಪನ್ ಸೋರ್ಸ್ ಹಾರ್ಡ್‌ವೇರ್ ಅಸೋಸಿಯೇಷನ್ ಒಪ್ಪಿರುವ ವ್ಯಾಖ್ಯೆಯ ಪ್ರಕಾರ, ವಿನ್ಯಾಸದ ಮೂಲ ಕಡತಗಳನ್ನು ಇತರರು ತಿದ್ದಲು ಬರುವ ರೂಪದಲ್ಲೇ ಪ್ರಕಟಿಸಬೇಕು. ಅದನ್ನು ಯಾರು ಬೇಕಾದರೂ ತಯಾರಿಸಬಹುದು, ಬದಲಿಸಬಹುದು, ಮಾರಲೂಬಹುದು. ನಕ್ಷೆಯ ಒಂದು ಚಿತ್ರವನ್ನು ಜಾಲತಾಣದಲ್ಲಿ ಹಾಕಿದ ಮಾತ್ರಕ್ಕೆ ಅದು ಮುಕ್ತವಾಗುವುದಿಲ್ಲ. ಅದೇ ಸಂಸ್ಥೆ 2016ರಿಂದ ಪ್ರಮಾಣೀಕರಣವನ್ನೂ ನಡೆಸುತ್ತಿದ್ದು, ಪ್ರಮಾಣಿತ ಬೋರ್ಡಿನ ಮೇಲೆ ದೇಶದ ಎರಡಕ್ಷರ ಮತ್ತು ಆರು ಅಂಕಿಗಳ ಗುರುತು ಇರುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಆರ್ಡ್ವಿನೊ ಸಾಲಿನ ಉನೊ ಆರ್3 ಮುಕ್ತ ಬೋರ್ಡು. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದಿರದ ವಿದ್ಯಾರ್ಥಿಗಳಿಗೆ ಕೈಗೆಟುಕಲಿ ಎಂದೇ ಆರ್ಡ್ವಿನೊ ಹುಟ್ಟಿತು. ಅದರ ನಕ್ಷೆ ಮುಕ್ತವಾದುದರಿಂದಲೇ ಪೇಟೆಯಲ್ಲಿ ಕಡಿಮೆ ಬೆಲೆಯ ಪ್ರತಿಗಳು ಸಿಗುತ್ತವೆ, ಮತ್ತು ಅವು ಕಳ್ಳಮಾಲಲ್ಲ. ಆರ್ಡ್ವಿನೊ ಎಂಬ ಹೆಸರು ಮಾತ್ರ ನೋಂದಾಯಿತ, ಅದನ್ನು ಅಚ್ಚು ಹಾಕಿ ಮಾರಿದರೆ ತಪ್ಪು. ಬೋರ್ಡಿನ ನಡುವಿನ ಎಟಿಮೆಗಾ328ಪಿ ಚಿಪ್ ಮುಕ್ತವಲ್ಲ. ಹಾಗಿದ್ದರೂ ಅದರ ಪೂರ್ಣ ವಿವರಪತ್ರ ಎಲ್ಲರಿಗೂ ಲಭ್ಯ, ಚಿಪ್ ಬಿಡಿಯಾಗಿಯೂ ದೊರೆಯುತ್ತದೆ. ಉನೊದ ಉದ್ದ ಕಾಲುಗಳ ಚಿಪ್ ಸಾಕೆಟ್ಟಿನಲ್ಲಿ ಕೂತಿರುವುದರಿಂದ ಸುಟ್ಟರೆ ಕಿತ್ತು ಬೇರೆಯದನ್ನು ಕೂರಿಸಬಹುದು. ಬೋರ್ಡೇ ಹಾಳಾದರೂ ಆ ಚಿಪ್‌ಗೆ 16 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್, 22 ಪಿಕೊಫ್ಯಾರಡ್‌ನ ಎರಡು ಕೆಪಾಸಿಟರ್, 5 ವೋಲ್ಟಿನ ಪೂರೈಕೆ ಕೊಟ್ಟರೆ ಸಾದಾ ಬೋರ್ಡಿನ ಮೇಲೂ ನಡೆಯುತ್ತದೆ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೂಡ ಓಪನ್ ಸೋರ್ಸ್ ಹಾರ್ಡ್‌ವೇರ್ ಎಂದು ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಅದರ ಮೇಲೆ ನಡೆಯುವ ಲಿನಕ್ಸ್ ತಂತ್ರಾಂಶ ಮುಕ್ತ, ಬೋರ್ಡಿನ ವಿನ್ಯಾಸ ಕಡತಗಳು ಪೂರ್ಣವಾಗಿ ಪ್ರಕಟವಾಗಿಲ್ಲ. ವೈಫೈ ಇರುವ ಇಎಸ್‌ಪಿ32 ಎಂಬ ಚಿಪ್‌ನ ವಿಷಯದಲ್ಲಿ ಬೋರ್ಡಿನ ನಕ್ಷೆ ಸಿಗುತ್ತದೆ, ಚಿಪ್‌ನ ಒಳಗುಟ್ಟು ಸಿಗುವುದಿಲ್ಲ. ಗೋದಾಮಿಗೆ ಇದರಿಂದ ಅಡ್ಡಿಯೇನೂ ಇಲ್ಲ. ಯಾವ ಪದರದವರೆಗೆ ಮುಕ್ತ ಎಂಬುದು ತಿಳಿದಿರಲಿ ಎಂದು ಹೇಳಿದೆ.

ನಿಮ್ಮ ಹಳೆಯ ಸಾಧನ ಸತ್ತದ್ದು ಬೋರ್ಡಿನಿಂದಲ್ಲ, ದೂರದ ಸರ್ವರ್‌ನಿಂದ. ಬೋರ್ಡು ಎಷ್ಟೇ ಮುಕ್ತವಾಗಿದ್ದರೂ ಅಂಕಿಗಳನ್ನು ಯಾವುದೋ ಕಂಪನಿಯ ಸೇವೆಗೆ ಕಳುಹಿಸುವಂತೆ ಹುಡುಗ ಬರೆದಿಟ್ಟರೆ ನಾಳೆಯೂ ಅದೇ ಗತಿ. ಪೆಟ್ಟಿಗೆಯ ಮೇಲೆಯೇ ಅಂಕಿ ತೋರಿಸುವ ಸಣ್ಣ ಪರದೆ ಇರಲಿ, ದಾಖಲೆ ಎಸ್‌ಡಿ ಕಾರ್ಡಿನಲ್ಲಿ ಇಳಿಯಲಿ. ಫೋನಿಗೆ ಬರುವುದು ಆಮೇಲಿನ ಅನುಕೂಲ. ನಕ್ಷೆಯನ್ನೂ ಪ್ರೋಗ್ರಾಂನ ಪ್ರತಿಯನ್ನೂ ತಂತಿಗಳ ಬಣ್ಣದ ಪಟ್ಟಿಯನ್ನೂ ಮುದ್ರಿಸಿ ಮುಚ್ಚಳದ ಒಳಮೈಗೆ ಅಂಟಿಸಲು ಹೇಳಿ. ಹುಡುಗ ಬೆಂಗಳೂರಿಗೆ ಹೋದರೆ ಆ ಹಾಳೆ ಇಲ್ಲಿರುತ್ತದೆ.

ಉತ್ತರ: ಗಂಗಾವತಿ ವೈರ್‌ಮನ್

ಮೇಲಿನವರ ಮಾತು ಸರಿಯಾಗಿದೆ. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ನಾನು ಒಂದು ಎಚ್ಚರಿಕೆಯನ್ನಷ್ಟೇ ಸೇರಿಸುತ್ತೇನೆ. ಅಳೆಯುವ ಕೆಲಸ ಮುಗಿದ ಮೇಲೆ, ‘ಕಾವು ಏರಿದರೆ ಬ್ಲೋವರ್ ತಾನಾಗಿ ಚಾಲೂ ಆಗಲಿ’ ಎಂಬ ಆಸೆ ಹುಡುಗರಿಗೆ ಖಂಡಿತ ಬರುತ್ತದೆ. ನೀಲಿ ಬಣ್ಣದ ಸಣ್ಣ ರಿಲೇ ಬೋರ್ಡಿನ ಮೂಲಕ ಮೂರು ಫೇಸಿನ ಮೋಟಾರನ್ನು ಮುಟ್ಟಲು ಬಿಡಬೇಡಿ; ಅದು 415 ವೋಲ್ಟಿನ ಸಹವಾಸ. ಮೋಟಾರಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಕಾಯಿಲ್ ಬಿಡುವಾಗ ಏಳುವ ವಿದ್ಯುತ್ ಹೊಡೆತಕ್ಕೆ ಇಂಥ ಬೋರ್ಡುಗಳು ತಬ್ಬಿಬ್ಬಾಗಿ ನಿಂತುಬಿಡುತ್ತವೆ. ನಾನಿದ್ದ ಒಂದು ಕಡೆ ರಿಲೇ ಚಾಲೂ ಇದ್ದಾಗಲೇ ಬೋರ್ಡು ಹೀಗೆ ನಿಂತು, ಎಲಿವೇಟರ್ ಬೆಳಗಿನವರೆಗೂ ಖಾಲಿ ಓಡಿತ್ತು. ಓವರ್‌ಲೋಡ್ ರಿಲೇ ಇರುವ ಸರಿಯಾದ ಸ್ಟಾರ್ಟರ್ ಇರಲಿ, ಒತ್ತುವವನು ಮನುಷ್ಯನೇ ಇರಲಿ, ಆರ್ಡ್ವಿನೊ ಗಂಟೆ ಬಾರಿಸಿ ಹೇಳಲಿ. ಪ್ರೋಗ್ರಾಂನಲ್ಲಿ ವಾಚ್‌ಡಾಗ್ ಹಾಕಿದ್ದಾನೋ ಇಲ್ಲವೋ ಕೇಳಿ. ಬೋರ್ಡು ನಿಂತರೆ ತಾನೇ ಮರುಚಾಲನೆ ಪಡೆಯುವ ಏರ್ಪಾಡು ಅದು.

ಸಂವೇದಕಕ್ಕೆ ಡಿಎಸ್18ಬಿ20 ಆಗಬಹುದು. ಒಂದೊಂದಕ್ಕೂ ತನ್ನದೇ 64 ಬಿಟ್‌ನ ವಿಳಾಸ ಇರುವುದರಿಂದ ಎಂಟನ್ನೂ ಒಂದೇ ತಂತಿಗೆ ಪೋಣಿಸಬಹುದು. ಆದರೆ ತಂತಿ ಒಂದೇ ಸಾಲಿನಲ್ಲಿ ಹೋಗಬೇಕು, ನಡುವಿನಿಂದ ಎಂಟು ದಿಕ್ಕಿಗೆ ಕವಲೊಡೆದರೆ ಅಂಕಿಗಳು ತಪ್ಪುತ್ತವೆ. ದತ್ತಾಂಶದ ತಂತಿಗೂ 5 ವೋಲ್ಟಿಗೂ ನಡುವೆ 4.7 ಕಿಲೊಓಮ್‌ನ ರೆಸಿಸ್ಟರ್ ಬೇಕು. ಪರದೆಯಲ್ಲಿ ಸರಿಯಾಗಿ 85 ಡಿಗ್ರಿ ಕಂಡರೆ ಅಟ್ಟಿಗೆ ಬೆಂಕಿ ಬಿತ್ತೆಂದು ಓಡಬೇಡಿ. ಸಂವೇದಕ ಆಗಷ್ಟೇ ಎಚ್ಚೆತ್ತು ಇನ್ನೂ ಅಳತೆ ಮಾಡಿಲ್ಲ ಎಂದರ್ಥ, ಹೆಚ್ಚಾಗಿ ಸಡಿಲ ಸಂಪರ್ಕದಿಂದ ಹಾಗಾಗುತ್ತದೆ. ಮೈನಸ್ 127 ಕಂಡರೆ ತಂತಿಯೇ ಕಡಿದಿದೆ.

ಮರುಪ್ರಶ್ನೆ: ಸಿಂಧನೂರು ಗೋದಾಮು

ಇಬ್ಬರಿಗೂ ಕೃತಜ್ಞತೆಗಳು. ಇನ್ನೆರಡು ಮಾತು ಕೇಳಬೇಕಾಗಿದೆ. ಪಕ್ಕದ ಗೋದಾಮಿನವರು ಇದನ್ನು ಕೇಳಿ ತಮಗೂ ಒಂದು ಕಟ್ಟಿಕೊಡಲು ಹೇಳುತ್ತಿದ್ದಾರೆ. ಹಣ ಪಡೆದು ಕಟ್ಟಿಕೊಟ್ಟರೆ ಕಾನೂನಿನ ತೊಡಕಿದೆಯೇ? ಕಾಲುವೆಯ ಕೊನೆಭಾಗದಲ್ಲಿ ನಮ್ಮದು ನಾಲ್ಕು ಎಕರೆ ಗದ್ದೆಯೂ ಇದೆ. ಇದೇ ಸಾಮಗ್ರಿ ಅಲ್ಲಿ ಮಣ್ಣಿನ ತೇವ ನೋಡಲು ಬರುವುದೇ?

ಉತ್ತರ: ರಾಯಚೂರು ಎರೆಮಣ್ಣು

ಕಾನೂನಿನ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ವ್ಯಾಪಾರಕ್ಕೆ ಬಳಸಕೂಡದು ಎಂಬ ನಿರ್ಬಂಧವಿದ್ದರೆ ಅದು ಬಳ್ಳಾರಿಯವರು ಮೇಲೆ ಹೇಳಿದ ವ್ಯಾಖ್ಯೆಯ ಪ್ರಕಾರ ಮುಕ್ತ ಹಾರ್ಡ್‌ವೇರೇ ಅಲ್ಲ, ಆದ್ದರಿಂದ ಹಣ ಪಡೆಯುವುದಕ್ಕೆ ಅಡ್ಡಿಯಿಲ್ಲ. ಷರತ್ತುಗಳು ಬೇರೆ ಬೇರೆ ಇರುತ್ತವೆ. ಆರ್ಡ್ವಿನೊ ಉನೊದ ನಕ್ಷೆಯನ್ನು ಬದಲಿಸಿ ಹಂಚಿದರೆ ಮೂಲದವರ ಹೆಸರು ಹೇಳಿ, ನಿಮ್ಮ ನಕ್ಷೆಯನ್ನೂ ಅದೇ ಷರತ್ತಿನ ಮೇಲೆ ಬಿಟ್ಟುಕೊಡಬೇಕು. ಜಿನೀವಾದ ಸರ್ನ್ ಪ್ರಯೋಗಾಲಯ 2020ರಲ್ಲಿ ಹೊರತಂದ ಮುಕ್ತ ಹಾರ್ಡ್‌ವೇರ್ ಪರವಾನಗಿಯ ಎರಡನೆಯ ಆವೃತ್ತಿಯಲ್ಲಿ ಬಿಗಿ, ಮಧ್ಯಮ, ಸಡಿಲ ಎಂದು ಮೂರು ಬಗೆಗಳೇ ಇವೆ. ನೀವು ಸಿದ್ಧ ಬೋರ್ಡುಗಳನ್ನು ಕೊಂಡು ತಂತಿ ಜೋಡಿಸಿಕೊಡುವವರಾದ್ದರಿಂದ ಇವು ಹೆಚ್ಚು ಕಾಡುವುದಿಲ್ಲ.

ಗದ್ದೆಯ ವಿಷಯ ಗೋದಾಮಿನಷ್ಟು ಸುಲಭವಲ್ಲ, ಇದನ್ನು ಪೆಟ್ಟು ತಿಂದು ಕಲಿತಿದ್ದೇನೆ. ಎರಡು ಮುಳ್ಳಿನ ಅಗ್ಗದ ಸಂವೇದಕ ಮಣ್ಣಿನಲ್ಲಿ ವಿದ್ಯುತ್ ಹರಿಸಿ ತೇವ ಅಳೆಯುತ್ತದೆ. ಅದರ ಲೇಪ ಕೆಲವೇ ವಾರಗಳಲ್ಲಿ ತಿಂದುಹೋಗುತ್ತದೆ, ನಮ್ಮ ಸವುಳು ಮಣ್ಣಿನಲ್ಲಿ ಇನ್ನೂ ಬೇಗ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಬಗೆ ಮೇಲು, ಆದರೆ ಅದರ ಅಂಚುಗಳಿಂದ ನೀರು ಒಳಸೇರುವುದರಿಂದ ಮೊದಲು ಎಪಾಕ್ಸಿಯನ್ನೋ ವಾರ್ನಿಷನ್ನೋ ಬಳಿಯಬೇಕು. ಪೇಟೆಯ ಪ್ರತಿಗಳಲ್ಲಿ ಕೆಲವಕ್ಕೆ 3.3 ವೋಲ್ಟಿನಲ್ಲಿ ಸರಿಯಾಗಿ ನಡೆಯದ ಟೈಮರ್ ಚಿಪ್ ಹಾಕಿರುತ್ತಾರೆ. ನಕ್ಷೆ ಮುಕ್ತವಾಗಿದ್ದ ಮಾತ್ರಕ್ಕೆ ಪ್ರತಿ ಮಾಡುವವನ ಕೈ ಶುದ್ಧವಾಗಿರಬೇಕೆಂದಿಲ್ಲ.

ಇಷ್ಟಾದ ಮೇಲೂ ಎರೆ ಭೂಮಿಗೆ ತನ್ನದೇ ಹಟವಿದೆ. ಒಣಗುತ್ತ ಬಂದಂತೆ ಮಣ್ಣು ಬಿರುಕು ಬಿಟ್ಟು ಸಂವೇದಕದ ಮೈಯಿಂದ ದೂರ ಸರಿಯುತ್ತದೆ. ಆಗ ಅದು ಗಾಳಿಯನ್ನು ಅಳೆದು, ಬೆರಳುದ್ದ ಆಚೆ ತೇವವಿದ್ದರೂ ‘ಪೂರ್ತಿ ಒಣಗಿದೆ’ ಎನ್ನುತ್ತದೆ. ಮಸಾರಿ ಹೊಲಕ್ಕೆ ಹೊಂದಿಸಿದ ಅಂಕಿಗಳು ಎರೆಗೆ ನಡೆಯುವುದೂ ಇಲ್ಲ. ನಿಮ್ಮದೇ ಮಣ್ಣನ್ನು ತೂಗಿ, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿ, ತೇವದ ನಿಜವಾದ ಪ್ರಮಾಣಕ್ಕೂ ಸಂವೇದಕದ ಅಂಕಿಗೂ ತಾಳೆ ಹಾಕದೆ ಅದನ್ನು ನಂಬಬಾರದು.

ನೆಲ್ಲಿಗಂತೂ ಇದರ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಒಂದು ವಿಧಾನವಿದೆ. ಸುಮಾರು 30 ಸೆಂಟಿಮೀಟರ್ ಉದ್ದದ ಪೈಪಿನ ಕೆಳಭಾಗಕ್ಕೆ ತೂತು ಕೊರೆದು ಗದ್ದೆಯಲ್ಲಿ ಹೂಳುವುದು. ಒಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಬಿಡುವುದು. ತೆನೆ ಹೂ ಬಿಡುವ ಕಾಲದಲ್ಲಿ ಮಾತ್ರ ಗದ್ದೆ ಒಣಗದಂತೆ ನೋಡಿಕೊಳ್ಳಬೇಕು. ಪೈಪಿನ ಮೇಲೆ ಅಲ್ಟ್ರಾಸಾನಿಕ್ ಸಂವೇದಕ ಕೂರಿಸಿದವರಿದ್ದಾರೆ, ನಾನೂ ಕೂರಿಸಿದ್ದೆ. ನೀರು ಒಳಸೇರದ ಅಗ್ಗದ ಬಗೆಗೆ 20 ಸೆಂಟಿಮೀಟರಿನೊಳಗಿನದು ಕಾಣುವುದಿಲ್ಲ, ಬೆಳಗಿನ ಇಬ್ಬನಿಗೂ ಅದು ಮೋಸ ಹೋಗುತ್ತದೆ. ಗೆರೆ ಹಾಕಿದ ಒಂದು ಕೋಲನ್ನು ಇಳಿಬಿಟ್ಟು ನೋಡುವುದೇ ಲೇಸು. ಅದೂ ಅಲ್ಲದೆ, ಕೊನೆಭಾಗದ ನಮಗೆ ನೀರು ಯಾವಾಗ ಬೇಕು ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದೇ ಪ್ರಶ್ನೆ. ಅದಕ್ಕೆ ಇನ್ನೂ ಯಾರೂ ಸಂವೇದಕ ಮಾಡಿಲ್ಲ.

ಗೋದಾಮಿನ ಅಂಕಿಯನ್ನು ಮನೆಯಲ್ಲೇ ನೋಡುವ ಆಸೆಯಿದ್ದರೆ ಕಡಿಮೆ ವಿದ್ಯುತ್ತಿನಲ್ಲೇ ಅಂಕಿಗಳನ್ನು ದೂರಕ್ಕೆ ಕಳುಹಿಸುವ ಲೋರಾ ರೇಡಿಯೊ ಬಳಸಬಹುದು. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್‌ವರೆಗೆ ಪರವಾನಗಿಯ ಅಗತ್ಯವಿಲ್ಲ. ಎಸ್‌ಎಕ್ಸ್1278 ಎಂಬ ಚಿಪ್ ಇರುವ ಮಾಡ್ಯೂಲ್ ಅಗ್ಗವೆಂದು ಕೊಳ್ಳಬೇಡಿ, ಅದು ಆ ಆವರ್ತನಕ್ಕೆ ಏರುವುದೇ ಇಲ್ಲ. ಎಸ್‌ಎಕ್ಸ್1276 ಇರುವುದನ್ನು ಕೇಳಿ. ಆ್ಯಂಟೆನಾ ತಗಡಿನ ಛಾವಣಿಯ ಹೊರಗಿರಲಿ.

ಸಿಂಧನೂರು ಗೋದಾಮು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಗದ್ದೆಯ ಆಲೋಚನೆಯನ್ನು ಬಿಟ್ಟೆವು. ಗೋದಾಮಿನಲ್ಲಿ ಹಳೆಯ ಸಾಧನದ ಪೆಟ್ಟಿಗೆಯನ್ನೇ ಖಾಲಿ ಮಾಡಿ ಉನೊ, ಪರದೆ, ಎಸ್‌ಡಿ ಕಾರ್ಡು ಕೂರಿಸಿದ್ದೇವೆ. ನಕ್ಷೆಯ ಹಾಳೆ ಮುಚ್ಚಳದ ಒಳಗಿದೆ. ಬ್ಲೋವರ್‌ನ ಗುಂಡಿಯನ್ನು ನಾನೇ ಒತ್ತುತ್ತೇನೆ.

ಮೊದಲ ವಾರವೇ ಐದನೆಯ ಸಂವೇದಕ 85 ತೋರಿಸಿತು. ಹುಡುಗ ಕೊಪ್ಪಳದಲ್ಲಿದ್ದ. ಹಾಳೆಯಲ್ಲಿ ಹಳದಿ ತಂತಿಯ ಗುರುತು ನೋಡಿ, ಇಲ್ಲಿನ ಮೊಬೈಲ್ ರಿಪೇರಿಯವರನ್ನು ಕರೆಸಿದೆ. ಅವರು ಬೆಸುಗೆ ಬಿಟ್ಟಿದ್ದ ಜಾಗವನ್ನು ಚಹಾ ಬರುವುದರೊಳಗೆ ಹಿಡಿದರು. ಮೂರನೆಯ ವಾರ ಆರರಿಂದ ಎಂಟರವರೆಗೆ ಮೂರೂ ಒಟ್ಟಿಗೆ ಮೈನಸ್ 127 ಆದವು. ಇಲಿ ತಂತಿ ಕಡಿದಿತ್ತು. ಈಗ ತಂತಿಯನ್ನು ಜಿಐ ಪೈಪಿನೊಳಗೆ ಎಳೆದಿದ್ದೇವೆ, ಆದರೆ ಸಂವೇದಕದ ತುದಿಯ ಒಂದು ಗೇಣು ಹೊರಗೇ ಉಳಿಯುತ್ತದೆ. ಅಳತೆ ಕೆಡದಂತೆ ಆ ತುದಿಗೆ ಏನು ಹೊದಿಸಬಹುದು ಎಂಬುದನ್ನು ಯಾರಾದರೂ ತಿಳಿಸಿರಿ.