ತಲೆಕೆಳಗಾದ ಕಾಡಿನ ಜಗಳ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂವು, ಮಂಡಿನೋವಿನ ಮನೆಮದ್ದು ಬಿಟ್ಟರೆ ಬೇರೇನೂ ಓಡಾಡುವುದಿಲ್ಲ. ಕಳೆದ ಭಾನುವಾರ ರಘು ಅಣ್ಣ ಎಲ್ಲಿಂದಲೋ ಬಂದ ಒಂದು ಚಿತ್ರವನ್ನು ಹಾಕಿ ಕಿಡಿ ಹಚ್ಚಿದ. ನಡುವೆ ನುಸುಳಿದ ಮದುವೆಯ ಕರೆಯೋಲೆ, ಹುಟ್ಟುಹಬ್ಬದ ಹಾರೈಕೆಗಳನ್ನು ತೆಗೆದು ಉಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ. ಪದ್ಮತ್ತೆ ನಿವೃತ್ತ ಡ್ರಾಯಿಂಗ್ ಟೀಚರ್ ಎಂಬುದನ್ನು ರಘು ಅಣ್ಣ ಮರೆತಿದ್ದನೆಂದು ಕಾಣುತ್ತದೆ.

ರಘು ಅಣ್ಣ: (ಫಾರ್ವರ್ಡ್) "ಜರ್ಮನಿಯ ಗೇಯೋರ್ಗ್ ಬಾಸೆಲಿಟ್ಸ್ ಎಂಬ ಕಲಾವಿದ ಚಿತ್ರ ಬರೆದು ಮುಗಿಸಿ, ತಿರುಗಿಸಿ ಗೋಡೆಗೆ ಹಾಕಿ, ಹಣ ಮಾಡಿದ." ನಮ್ಮ ಮನೆಯ ಕ್ಯಾಲೆಂಡರನ್ನೂ ತಿರುಗಿಸಿ ಹಾಕುತ್ತೇನೆ. ಯಾರಾದರೂ ಕೊಳ್ಳುತ್ತೀರಾ?

ದೊಡ್ಡಪ್ಪ: ಫೋನ್ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ನೆಟ್ಟಗೆ ನೋಡುವುದು ಹೇಗೆ?

ಸುಮತಿ ಅತ್ತಿಗೆ: ಆಟೋ ರೊಟೇಟ್ ನಿಲ್ಲಿಸಿ ಮಾವ.

ನಾನು: ಅಣ್ಣ, ಈ ಚಿತ್ರ ನಾನಿರುವ ಕಲೋನ್ ನಗರದ ಲುಡ್ವಿಗ್ ಸಂಗ್ರಹಾಲಯದ್ದು. 'ತಲೆಕೆಳಗಾದ ಕಾಡು', 1969. ಬರೆದ ಮೇಲೆ ತಿರುಗಿಸಿದ್ದಲ್ಲ, ಹಾಗೆಯೇ ಬರೆದದ್ದು.

ದೊಡ್ಡಪ್ಪ: ಹೇಗೆ ಬರೆದರೇನು, ಮರದ ಬೇರು ಆಕಾಶದಲ್ಲೇ ಇದೆಯಲ್ಲ.

ಪದ್ಮತ್ತೆ: ವ್ಯತ್ಯಾಸವಿದೆ ಅಣ್ಣ. ನೆಟ್ಟಗೆ ಬರೆಯುವಾಗ ಕೈ ತನಗೆ ಗೊತ್ತಿರುವ ಮರವನ್ನೇ ಬರೆಯುತ್ತದೆ. ತಲೆಕೆಳಗಾಗಿ ಬರೆಯುವಾಗ ಪ್ರತಿ ಗೆರೆಗೂ ಯೋಚಿಸಬೇಕು. ಆ ಕಾಡು ಅವನ ಸ್ವಂತ ಕಲ್ಪನೆಯೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಫರ್ಡಿನಾಂಡ್ ಫಾನ್ ರೈಸ್ಕಿ ಬರೆದ ಕಾಡಿನ ಚಿತ್ರದ ಮುದ್ರಿತ ಪ್ರತಿಯೊಂದು ಬಾಸೆಲಿಟ್ಸ್‌ನ ಹುಟ್ಟೂರಿನ ಶಾಲೆಯಲ್ಲಿ ತೂಗುಹಾಕಿತ್ತು. ಅಪ್ಪ ಅಲ್ಲಿ ಮೇಷ್ಟ್ರು. ಬಾಲ್ಯದಲ್ಲಿ ದಿನವೂ ಕಂಡ ಕಾಡನ್ನೇ ಅವನು ಬುಡಮೇಲು ಮಾಡಿದ.

ರಘು ಅಣ್ಣ: ಅತ್ತೆ, ಗಮನ ಸೆಳೆಯುವುದೇ ಅವನ ಕಸುಬು. 1963ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಅವನ ಎರಡು ಚಿತ್ರಗಳನ್ನು ಅಶ್ಲೀಲವೆಂದು ಸರ್ಕಾರಿ ವಕೀಲರೇ ಜಪ್ತಿ ಮಾಡಿಸಿದ್ದರಂತೆ. ಈಗ ತಾನೇ ಓದಿದೆ.

ಪದ್ಮತ್ತೆ: ಹಿಂದಕ್ಕೂ ಓದು. ಹುಟ್ಟಿದ್ದು 1938ರಲ್ಲಿ, ಸ್ಯಾಕ್ಸನಿಯ ಡಾಯ್ಚ್‌ಬಾಸೆಲಿಟ್ಸ್ ಎಂಬ ಹಳ್ಳಿಯಲ್ಲಿ. ಆಗಿನ ಹೆಸರು ಹಾನ್ಸ್ ಗೇಯೋರ್ಗ್ ಕೆರ್ನ್; ನಮ್ಮ ಸಂಗೀತಗಾರರ ಹಾಗೆ ಊರಿನ ಹೆಸರನ್ನು ಆಮೇಲೆ ತನ್ನದಾಗಿಸಿಕೊಂಡ. ಕಮ್ಯುನಿಸ್ಟ್ ಆಡಳಿತದ ಪೂರ್ವ ಬರ್ಲಿನ್ನಿನ ಕಲಾಶಾಲೆ ಎರಡೇ ಸೆಮಿಸ್ಟರಿಗೆ ಹೊರಹಾಕಿತು. ಕೊಟ್ಟ ಕಾರಣ, ಸಾಮಾಜಿಕ ಮತ್ತು ರಾಜಕೀಯ ಅಪಕ್ವತೆ. ಅಲ್ಲಿ ನಗುಮುಖದ ಕಾರ್ಮಿಕನನ್ನು ಬರೆಯಬೇಕಿತ್ತು. ಪಶ್ಚಿಮಕ್ಕೆ ಬಂದರೆ ಎಲ್ಲೆಲ್ಲೂ ಆಕೃತಿಯೇ ಇಲ್ಲದ ಅಮೂರ್ತ ಕಲೆ; ಅವನ ಗುರು ಹಾನ್ ಟ್ರಿಯರ್ ಕೂಡ ಅದೇ ಪಂಥದವರು. ಇವನಿಗೆ ಮನುಷ್ಯಾಕೃತಿಯನ್ನು ಬಿಡುವ ಮನಸ್ಸಿರಲಿಲ್ಲ, ಯಾರದೋ ಕಥೆಗೆ ಅದನ್ನು ದುಡಿಸುವ ಮನಸ್ಸೂ ಇರಲಿಲ್ಲ. ಆಕೃತಿ ಉಳಿಯಬೇಕು, ಕಥೆ ಹೇಳಬಾರದು. ತಿರುಗಿಸಿದ್ದು ಆ ಇಕ್ಕಟ್ಟಿನಿಂದ ಹೊರಬರಲು.

ಸುಮತಿ ಅತ್ತಿಗೆ: ಇದು ಫಾರ್ವರ್ಡ್‌ನಲ್ಲಿ ಇರಲಿಲ್ಲ.

ಪದ್ಮತ್ತೆ: ಇನ್ನೊಂದು ಮಾತು. ಇದು ನನ್ನ ಸ್ವಂತ ಊಹೆ, ಬೈಯುವವರು ಬೈಯಿರಿ. ಅವನು 1964ರಲ್ಲೇ ಎಚಿಂಗ್ ಆರಂಭಿಸಿದ್ದ. ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಮುಳುಗಿಸಿ, ಆಮೇಲೆ ಮಸಿ ಹಚ್ಚಿ ಕಾಗದಕ್ಕೆ ಒತ್ತುತ್ತೇವಲ್ಲ, ಆಗ ತಗಡಿನಲ್ಲಿ ಬಲಕ್ಕಿದ್ದದ್ದು ಕಾಗದದಲ್ಲಿ ಎಡಕ್ಕೆ ಬರುತ್ತದೆ. ಅದನ್ನು ರೂಢಿಸಿಕೊಂಡವನಿಗೆ ಚಿತ್ರ ಇದೇ ದಿಕ್ಕಿನಲ್ಲಿರಬೇಕೆಂಬ ಹಟ ಸಡಿಲವಾಗುತ್ತದೆ.

ದೊಡ್ಡಪ್ಪ: ಹಾಗಾದರೆ ಹಳೆಯ ಡಚ್ ಚಿತ್ರಕಾರ ರೆಂಬ್ರಾಂಟ್ ಕೂಡ ತಲೆಕೆಳಗಾಗಿ ಬರೆಯಬೇಕಿತ್ತಲ್ಲ ಪದ್ಮಾ? ಅವನೂ ಎಚಿಂಗ್ ಮಾಡಿದವನೇ.

ರಘು ಅಣ್ಣ: ಅಪ್ಪನಿಗೆ ಒಂದು ಅಂಕ.

ಪದ್ಮತ್ತೆ: ಒಪ್ಪಿದೆ, ಎಚಿಂಗ್ ಒಂದೇ ಕಾರಣವಲ್ಲ. ರೆಂಬ್ರಾಂಟನಿಗೆ ಎದುರಿಗಿದ್ದ ಮುಖದ ಮೇಲೆ ನಂಬಿಕೆ ಇತ್ತು. ಇವನು ಏಳು ವರ್ಷದ ಹುಡುಗನಾಗಿದ್ದಾಗ ಸುತ್ತಲಿನ ದೇಶವೇ ಕುಸಿದುಬಿದ್ದಿತ್ತು. 1965–66ರ 'ವೀರರು' ಸರಣಿಯನ್ನು ನೋಡಿ: ದೈತ್ಯ ದೇಹ, ಪುಟ್ಟ ತಲೆ, ಹರಿದ ಸಮವಸ್ತ್ರ, ಹಿಂದೆ ಹಾಳುಬಿದ್ದ ನೆಲ. ಹೆಸರಿಗೆ ವೀರರು, ಒಬ್ಬನ ಕೈಯೂ ಯಾವ ಕೆಲಸಕ್ಕೂ ಬಾರದು. ಅದಕ್ಕೂ ಮೊದಲು ಫ್ಲಾರೆನ್ಸ್‌ನಲ್ಲಿ ಕೆಲವು ತಿಂಗಳಿದ್ದು, ಹದಿನಾರನೆಯ ಶತಮಾನದ ಮುದ್ರಣಚಿತ್ರಗಳನ್ನು ಕೊಳ್ಳಲು ಶುರುಮಾಡಿದ್ದ. ಆ ಎಳೆದು ಹಿಗ್ಗಿಸಿದಂಥ ದೇಹಗಳು ಅಲ್ಲಿಂದಲೂ ಬಂದಿವೆ. ಅವನು ಕೂಡಿಟ್ಟ ಹಳೆಯ ಮರದಚ್ಚಿನ ಚಿತ್ರಗಳು 2014ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡವು.

ನಾನು: ಅತ್ತೆ, ನಿಮ್ಮ ಮಾತು ಕೇಳುತ್ತಿದ್ದರೆ ಅವನು ಸಂತನಂತೆ ಕಾಣುತ್ತಾನೆ. ಹೆಂಗಸರು ಚೆನ್ನಾಗಿ ಚಿತ್ರ ಬರೆಯುವುದಿಲ್ಲ ಎಂದು 2013ರಲ್ಲಿ ಜರ್ಮನಿಯ 'ಡೆರ್ ಷ್ಪೀಗೆಲ್' ವಾರಪತ್ರಿಕೆಗೆ ಹೇಳಿದವನೂ ಇವನೇ. ಎರಡು ವರ್ಷದ ಬಳಿಕವೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಸುಮತಿ ಅತ್ತಿಗೆ: ಹೌದೇ? ಇಷ್ಟು ಹೊತ್ತು ಅವನ ಪರ ವಾದಿಸಿದವರು ಒಬ್ಬ ಹೆಂಗಸು.

ರಘು ಅಣ್ಣ: ಈಗ ದಾರಿಗೆ ಬಂದಿರಿ. ನಾನು ಮೊದಲೇ ಹೇಳಿದ್ದೆ.

ಪದ್ಮತ್ತೆ: ರಘು, ನೀನು ಹೇಳಿದ್ದು ಕ್ಯಾಲೆಂಡರಿನ ವಿಷಯ. ವಿದ್ಯಾ ಹೇಳಿದ್ದು ನನಗೂ ಗೊತ್ತು. ಆ ಮಾತು ದುರಹಂಕಾರದ್ದು, ದಡ್ಡತನದ್ದೂ ಹೌದು. ಕಲಾಶಾಲೆಯಲ್ಲಿ ಪಾಠ ಹೇಳಿದವನ ಬಾಯಲ್ಲಿ ಇನ್ನೂ ಕೆಟ್ಟದ್ದು, ಎದುರಿಗೆ ಕುಳಿತ ಹುಡುಗಿಯರಿಗೆ ಏನನ್ನಿಸಿರಬೇಡ? ಹೆಂಡತಿ ಎಲ್ಕೆಯನ್ನು ದಶಕಗಟ್ಟಲೆ ಬರೆದವನು ಹೀಗೆ ಹೇಳಿದ. ಅದಕ್ಕೆ ನಾನು ಸಮಜಾಯಿಷಿ ಕೊಡುವುದಿಲ್ಲ. ಆದರೆ ಅವನ ಬಾಯಿಯ ತಪ್ಪಿಗೆ 1969ರ ಕಾಡನ್ನು ಮೋಸ ಎನ್ನಲು ನಾನು ಸಿದ್ಧಳಿಲ್ಲ.

ನಾನು: ನಾನೂ ಮೋಸ ಎನ್ನಲಿಲ್ಲ. ಅವನ ಸಿಟ್ಟಿಗೆ ಎಲ್ಲರೂ ತಲೆಬಾಗುತ್ತಾರೆ ಎಂಬುದೇ ನನ್ನ ತಕರಾರು. ಬೆಲೆಬಾಳುವ ಕಲಾಕೃತಿಗಳು ದೇಶದಾಚೆ ಹೋಗುವುದನ್ನು ಬಿಗಿಮಾಡಲು, ಸಾಂಸ್ಕೃತಿಕ ಆಸ್ತಿಯ ರಕ್ಷಣೆಗೆಂದು ಜರ್ಮನ್ ಸರ್ಕಾರ ಹೊಸ ಕಾನೂನು ತರಲು ಹೊರಟಾಗ, 2015ರಲ್ಲಿ ಡ್ರೆಸ್ಡನ್ ಮತ್ತು ಮ್ಯೂನಿಕ್ ಸಂಗ್ರಹಾಲಯಗಳಿಗೆ ಎರವಲು ಕೊಟ್ಟಿದ್ದ ತನ್ನ ಚಿತ್ರಗಳನ್ನು ವಾಪಸ್ ತರಿಸಿಕೊಂಡ.

ದೊಡ್ಡಪ್ಪ: ಅದರಲ್ಲಿ ತಪ್ಪೇನು? ಅವನ ವಸ್ತು, ಅವನ ಇಷ್ಟ. ಒಂದು ಸರ್ಕಾರ ಅವನನ್ನು ಶಾಲೆಯಿಂದ ಓಡಿಸಿತು, ಇನ್ನೊಂದು ಸರ್ಕಾರ ಅವನ ಚಿತ್ರ ಜಪ್ತಿ ಮಾಡಿತು. ಮೂರನೆಯದಕ್ಕೆ ಹೆದರುವವನು ಮೊದಲೇ ಹುಷಾರಾಗುತ್ತಾನೆ.

ರಘು ಅಣ್ಣ: ಅಪ್ಪ, ನೀವೂ ಪಕ್ಷಾಂತರ ಮಾಡಿದಿರಾ?

ದೊಡ್ಡಪ್ಪ: ಇಲ್ಲ. ಬರೆದ ಮೇಲೆ ತಿರುಗಿಸಲಿಲ್ಲ ಎನ್ನುವುದಕ್ಕೆ ಪುರಾವೆ ಎಲ್ಲಿದೆ ಎಂದು ಈಗಲೂ ಕೇಳುತ್ತೇನೆ.

ಪದ್ಮತ್ತೆ: ವಿದ್ಯಾ, ಸಂಗ್ರಹಾಲಯಕ್ಕೆ ಹೋದಾಗ ಚಿತ್ರದ ಹತ್ತಿರ ನಿಂತು ನೋಡು. ಎಲ್ಲಾದರೂ ತೆಳು ಬಣ್ಣ ಸೋರಿದ್ದರೆ ಅದು ನೆಲದ ಕಡೆಗೆ ಇಳಿದಿದೆಯೋ, ಮೇಲಕ್ಕೆ ಹರಿದಿದೆಯೋ? ಮೇಲಕ್ಕಿದ್ದರೆ ಅಣ್ಣನ ಮಾತೇ ಸರಿ. ಫೋಟೋ ತೆಗೆದು ಇಲ್ಲೇ ಹಾಕು.

ಸುಮತಿ ಅತ್ತಿಗೆ: ಮಾವ, ಅಷ್ಟರೊಳಗೆ ಆಟೋ ರೊಟೇಟ್ ನಿಲ್ಲಿಸಿರಿ.